ಫ್ರ್ಯಾಕ್ ಬಿರುಕು ಎತ್ತ ಹೋಯಿತು ಅಂತ ತಿಳಿಯಲು ಯಾವ ಮೈಕ್ರೋಸೈಸ್ಮಿಕ್ ವಿಧಾನ ಆರಿಸಬೇಕು?

ಎರಡು ಮೂರು ಕಿಲೋಮೀಟರ್ ಆಳದ ಬಂಡೆಗೆ ಭಾರಿ ಒತ್ತಡದಲ್ಲಿ ನೀರು ನುಗ್ಗಿಸುತ್ತೀರಿ. ಬಂಡೆ ಬಿರುಕು ಬಿಡುತ್ತದೆ, ಇದನ್ನೇ ಫ್ರ್ಯಾಕ್ ಅನ್ನುವುದು. ಆದರೆ ಆ ಬಿರುಕು ಎತ್ತ ಹೋಯಿತು, ಎಷ್ಟು ಉದ್ದ ಓಡಿತು, ಮೇಲಿನ ಪದರಕ್ಕೆ ಹತ್ತಿತಾ, ಪಕ್ಕದ ಬಾವಿಗೆ ಹೋಗಿ ತಾಗಿತಾ ಅನ್ನುವುದು ಮೇಲೆ ನಿಂತವರಿಗೆ ಕಾಣುವುದಿಲ್ಲ. ಕೈಯಲ್ಲಿ ಇರುವುದು ಪಂಪಿನ ಒತ್ತಡ, ನೀರು ಹರಿದ ಪ್ರಮಾಣ, ಕಳಿಸಿದ ಮರಳಿನ ಲೆಕ್ಕ, ಅಷ್ಟೇ. ಇದನ್ನೇ ಇಟ್ಟುಕೊಂಡು ಮಾಡಿದ ಕಂಪ್ಯೂಟರ್ ಮಾಡೆಲ್‌ಗಳು ಅಂದವಾದ ಚಿತ್ರ ಕೊಡುತ್ತವೆ ನಿಜ. ಆದರೆ ಒಂದೇ ಒತ್ತಡದ ಗ್ರಾಫಿಗೆ ಬೇರೆ ಬೇರೆ ಆಕಾರದ ಹತ್ತಾರು ಬಿರುಕುಗಳು ಹೊಂದಿಕೊಂಡುಬಿಡುತ್ತವೆ. ಬಂಡೆಯಿಂದ ಬರುವ ಕಿರುಕಂಪನಗಳನ್ನು ಕೇಳಿಸಿಕೊಂಡು ಅವು ಎಲ್ಲಿಂದ ಬಂದವು ಅಂತ ಗುರುತು ಹಾಕುವ ಮೈಕ್ರೋಸೈಸ್ಮಿಕ್ ಕೆಲಸ ಬೇಕಾಗುವುದು ಇದಕ್ಕೇ.

ಈ ಕೆಲಸ ಮಾಡಿಸಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಬಾವಿಯೊಳಗೆ ಜಿಯೋಫೋನ್ ಅನ್ನುವ ಕಂಪನ ಅಳೆಯುವ ಸಲಕರಣೆ ಇಳಿಸುವುದಾ, ನೆಲದ ಮೇಲೆ ಹರಡುವುದಾ, ಫೈಬರ್ ಹಾಕುವುದಾ, ಯಾವುದು ಬೆಸ್ಟ್? ಇದಕ್ಕೆ ನೇರ ಉತ್ತರ ಇಲ್ಲ, ಯಾಕೆಂದರೆ ಪ್ರಶ್ನೆಯೇ ಅರ್ಧ. ಬಂದ ಫಲಿತಾಂಶ ನೋಡಿ ನೀವು ಏನು ಬದಲಿಸುತ್ತೀರಿ ಅನ್ನುವುದನ್ನು ಮೊದಲು ಹೇಳಬೇಕು. ಬಿರುಕಿನ ಎತ್ತರ ನೋಡಿ ಬಾವಿಯನ್ನು ಇನ್ನೊಂದು ಪದರಕ್ಕೆ ಇಳಿಸುತ್ತೀರಾ? ಉದ್ದ ನೋಡಿ ಬಾವಿಗಳ ನಡುವಿನ ಅಂತರ ಬದಲಿಸುತ್ತೀರಾ? ಕಂಪನ ದೊಡ್ಡದಾದರೆ ಪಂಪ್ ನಿಲ್ಲಿಸುತ್ತೀರಾ? ಈ ಮೂರಕ್ಕೆ ಬೇಕಾದ ಸಲಕರಣೆ ಮೂರು ಥರ. ಯಾವುದೂ ಬದಲಿಸುವುದಿಲ್ಲ, ಸುಮ್ನೆ ಚಿತ್ರ ಬೇಕು ಅಂತಾದರೆ, ಆ ಹಣ ಉಳಿಸಿಕೊಳ್ಳಿ ಅನ್ನುವುದೇ ನನ್ನ ಸಲಹೆ.

ನಿಜವಾಗಿ ಕೇಳಿಸುವುದು ಏನು

ಬಿರುಕು ಬಾಯಿ ಬಿಡುವ ಸದ್ದನ್ನೇ ನಾವು ಕೇಳುತ್ತಿದ್ದೇವೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಬಹುಪಾಲು ಹಾಗಲ್ಲ. ನೀರಿನ ಒತ್ತಡಕ್ಕೆ ಬಿರುಕು ತೆರೆದುಕೊಳ್ಳುವುದು ನಿಧಾನದ ಕೆಲಸ. ಅದರ ಹೆಚ್ಚಿನ ಭಾಗ ಜಿಯೋಫೋನಿಗೆ ಕೇಳಿಸುವಂಥ ಕಂಪನವನ್ನೇ ಮಾಡುವುದಿಲ್ಲ. ಆ ಬಿರುಕಿನ ಸುತ್ತ ಮೊದಲೇ ಇದ್ದ ಹಳೆಯ ಬಿರುಕುಗಳು, ಪದರಗಳ ನಡುವಿನ ಸಂದುಗಳು, ಒತ್ತಡ ಬದಲಾದಾಗ ಜಾರುತ್ತವೆ. ಕಿರುಕಂಪನ ಅಂದರೆ ಹೆಚ್ಚಾಗಿ ಆ ಜಾರಾಟ.

ಅದು ಎಷ್ಟು ಚಿಕ್ಕದು ಅಂತ ಗೊತ್ತಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಸಾಮಾನ್ಯವಾಗಿ ಸಿಗುವ ಕಿರುಕಂಪನಗಳ ಮ್ಯಾಗ್ನಿಟ್ಯೂಡ್ ಮೈನಸ್ 3 ರಿಂದ ಮೈನಸ್ 1 ರ ಆಸುಪಾಸು. ಮೈನಸ್ ಬಂದಿದ್ದಕ್ಕೆ ಗಾಬರಿ ಬೇಡ, ಇದು ಲಾಗರಿದಮ್ ಅಳತೆ, ಸೊನ್ನೆಯ ಕೆಳಗೂ ಇಳಿಯುತ್ತದೆ. ಮೈನಸ್ 2 ರ ಒಂದು ಕಂಪನ ಅಂದರೆ, ಲೆಕ್ಕ ಹಾಕಿದರೆ, ಒಂದೆರಡು ಮೀಟರ್ ಅಗಲದ ಬಂಡೆಯ ಮುಖ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೋ ಅದರ ಕೆಲವು ಪಟ್ಟೋ ಜಾರಿದ್ದು. ಅದೇ ಹೊತ್ತಿಗೆ ನೀರಿನ ಬಿರುಕು ನೂರಾರು ಮೀಟರ್ ಉದ್ದ ಓಡಿ, ಕೆಲವು ಮಿಲಿಮೀಟರ್ ಅಗಲ ತೆರೆದುಕೊಂಡಿರುತ್ತದೆ. ಪಂಪಿನಿಂದ ಒಳಗೆ ಹೋದ ಶಕ್ತಿಯಲ್ಲಿ ಶೇಕಡಾ 1 ಕ್ಕಿಂತ ತುಂಬಾ ಕಡಿಮೆ ಪಾಲು ಮಾತ್ರ ಕಂಪನದ ರೂಪದಲ್ಲಿ ಹೊರಬರುತ್ತದೆ.

ಹಾಗಾಗಿ ಕಂಪನಕ್ಕೊಂದರಂತೆ ಪರದೆಯ ಮೇಲೆ ಕಾಣುವ ಚುಕ್ಕೆಗಳ ಗುಂಪೇ ಬಿರುಕಲ್ಲ. ಬಿರುಕಿನ ಸುತ್ತಮುತ್ತ ಏನು ಜಾರಿತು ಅನ್ನುವುದರ ದಾಖಲೆ ಅದು. ಯಾವ ವಿಧಾನ ಆರಿಸಿದರೂ ಇದು ಬದಲಾಗುವುದಿಲ್ಲ.

ಬಾವಿಯೊಳಗೆ ಜಿಯೋಫೋನ್

ಫ್ರ್ಯಾಕ್ ಮಾಡುವ ಬಾವಿಯ ಹತ್ತಿರ ಇನ್ನೊಂದು ಬಾವಿ ಇದ್ದರೆ, ಅದರೊಳಗೆ ಕೇಬಲ್ಲಿನಲ್ಲಿ ಹತ್ತಿಪ್ಪತ್ತು ಅಥವಾ ಅದಕ್ಕೂ ಜಾಸ್ತಿ ಜಿಯೋಫೋನ್‌ಗಳನ್ನು ಇಳಿಸಿ, ಒಂದೊಂದನ್ನೂ ಬಾವಿಯ ಗೋಡೆಗೆ ಒತ್ತಿ ಹಿಡಿಸುತ್ತಾರೆ. ಪ್ರತಿಯೊಂದೂ ಮೂರು ದಿಕ್ಕಿನ ಕಂಪನ ಅಳೆಯುತ್ತದೆ. ಇದು ಹಳೆಯ, ಚೆನ್ನಾಗಿ ಪಳಗಿದ ವಿಧಾನ. 1970 ರ ದಶಕದಲ್ಲಿ ನ್ಯೂ ಮೆಕ್ಸಿಕೋದ ಫೆಂಟನ್ ಹಿಲ್‌ನಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದವರು ಬಿಸಿ ಬಂಡೆಯಿಂದ ಶಾಖ ತೆಗೆಯಲು ಮಾಡಿದ ಪ್ರಯೋಗಗಳಲ್ಲೇ ಬಾವಿಯೊಳಗಿನ ಜಿಯೋಫೋನ್‌ಗಳು ಕೆಲಸ ಮಾಡಿದ್ದವು.

ಇದರ ದೊಡ್ಡ ಬಲ ಹತ್ತಿರದಿಂದ ಕೇಳುವುದು. ಮುನ್ನೂರು, ನಾನ್ನೂರು ಮೀಟರ್ ದೂರದಲ್ಲಿ ಕೂತರೆ ಮೈನಸ್ 3 ರಷ್ಟು ಚಿಕ್ಕ ಕಂಪನವೂ ಸಿಗಬಹುದು. ನೂರಾರು ಹರ್ಟ್ಜ್‌ನ ಸಿಗ್ನಲ್ ಉಳಿದಿರುತ್ತದೆ. ಮೊದಲು ಬಂದು ಮುಟ್ಟುವ ಪಿ ಅಲೆಯೂ ಅದರ ಹಿಂದೆ ನಿಧಾನವಾಗಿ ಬರುವ ಎಸ್ ಅಲೆಯೂ ಬೇರೆ ಬೇರೆಯಾಗಿ ಕಾಣುತ್ತವೆ. ಎರಡರ ನಡುವಿನ ಸಮಯದಿಂದ ದೂರ ಗೊತ್ತಾಗುತ್ತದೆ, ಪಿ ಅಲೆ ಯಾವ ದಿಕ್ಕಿಗೆ ಅಲುಗಾಡಿಸಿತು ಅನ್ನುವುದರಿಂದ ದಿಕ್ಕು ಗೊತ್ತಾಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಬಂಡೆಯಲ್ಲಿ ಪಿ ಅಲೆ ಸೆಕೆಂಡಿಗೆ 4500 ಮೀಟರ್, ಎಸ್ ಅಲೆ 2600 ಮೀಟರ್ ಓಡುತ್ತದೆ ಅಂದುಕೊಳ್ಳಿ. 300 ಮೀಟರ್ ದೂರದ ಕಂಪನಕ್ಕೆ ಎರಡೂ ಅಲೆಗಳ ನಡುವೆ ಸುಮಾರು 49 ಮಿಲಿಸೆಕೆಂಡ್ ಅಂತರ ಬರುತ್ತದೆ. ಆ ಅಂತರ ಓದುವಲ್ಲಿ ಒಂದು ಮಿಲಿಸೆಕೆಂಡ್ ತಪ್ಪಿದರೆ ದೂರದಲ್ಲಿ ತಪ್ಪುವುದು 6 ಮೀಟರ್ ಮಾತ್ರ. ತುಂಬಾ ಚೆನ್ನಾಗಿದೆ, ಅಲ್ವಾ? ಆದರೆ ದಿಕ್ಕಿನ ಕೋನ 5 ಡಿಗ್ರಿ ತಪ್ಪಿದರೆ ಅದೇ 300 ಮೀಟರ್ ದೂರದಲ್ಲಿ 26 ಮೀಟರ್ ಪಕ್ಕಕ್ಕೆ ಸರಿಯುತ್ತದೆ, 600 ಮೀಟರ್ ದೂರದಲ್ಲಿ 52 ಮೀಟರ್. ಅಂದರೆ ಒಂದೇ ಬಾವಿಯಿಂದ ಕೇಳಿದರೆ ದೂರವನ್ನೂ ಆಳವನ್ನೂ ನಂಬಬಹುದು, ಆದರೆ ಪಕ್ಕದ ಹರಡುವಿಕೆಯಲ್ಲಿ ಎಷ್ಟು ಭಾಗ ಬಂಡೆಯದು, ಎಷ್ಟು ಭಾಗ ಅಳತೆಯ ತಪ್ಪಿನದು ಅಂತ ಬೇರೆ ಮಾಡುವುದು ಕಷ್ಟ. ವರದಿಯಲ್ಲಿ ಚುಕ್ಕೆಗಳು ಕೇಳುವ ಬಾವಿಯ ಸುತ್ತ ಕಮಾನಿನಂತೆ ಬಾಗಿದ್ದರೆ ಮೊದಲು ಈ ಕೋನದ ತಪ್ಪನ್ನೇ ಅನುಮಾನಿಸಿ. ಎರಡು ಬಾವಿಯಲ್ಲಿ ಕೇಳಿಸಿಕೊಂಡರೆ ಈ ತೊಂದರೆ ಬಹುಪಾಲು ಹೋಗುತ್ತದೆ.

ಇನ್ನೊಂದು ತೊಡಕು ದೂರ. ದೂರ ಒಂದು ಕಿಲೋಮೀಟರಿನಷ್ಟಾದರೆ ಚಿಕ್ಕ ಕಂಪನಗಳು ಮಾಯವಾಗುತ್ತವೆ. ಉದ್ದನೆಯ ಅಡ್ಡ ಬಾವಿಯನ್ನು ತುಂಡು ತುಂಡಾಗಿ ಫ್ರ್ಯಾಕ್ ಮಾಡುತ್ತಾರೆ, ಒಂದೊಂದು ತುಂಡೂ ಒಂದು ಸ್ಟೇಜ್. ತುದಿಯ ಸ್ಟೇಜ್‌ಗಳು ಕೇಳುವ ಬಾವಿಯಿಂದ ದೂರ, ಮಧ್ಯದವು ಹತ್ತಿರ ಇರುತ್ತವೆ. ಹತ್ತಿರದ ಸ್ಟೇಜಿನಲ್ಲಿ ಸಾವಿರ ಚುಕ್ಕೆ, ದೂರದ ಸ್ಟೇಜಿನಲ್ಲಿ ಐವತ್ತು ಚುಕ್ಕೆ ಬಂದರೆ, ಅಲ್ಲಿ ಫ್ರ್ಯಾಕ್ ಚೆನ್ನಾಗಿ ಆಯಿತು, ಇಲ್ಲಿ ಆಗಲಿಲ್ಲ ಅಂತ ತೀರ್ಮಾನಿಸುವವರಿದ್ದಾರೆ. ಅದು ಕಿವಿ ಎಷ್ಟು ದೂರ ಇತ್ತು ಅನ್ನುವುದನ್ನು ಮಾತ್ರ ಹೇಳುತ್ತಿರಬಹುದು. ಪ್ರತಿ ಕಂಪನದ ಮ್ಯಾಗ್ನಿಟ್ಯೂಡನ್ನು ದೂರದ ಎದುರು ಇಟ್ಟು ಒಂದು ಗ್ರಾಫ್ ಹಾಕಿಸಿ. ಎಷ್ಟು ದೂರದಲ್ಲಿ ಎಷ್ಟು ಚಿಕ್ಕದು ಕೇಳಿಸುವುದು ನಿಂತಿತು ಅಂತ ಅದರಲ್ಲಿ ತಕ್ಷಣ ಕಾಣುತ್ತದೆ. ಸ್ಟೇಜ್‌ಗಳನ್ನು ಹೋಲಿಸುವಾಗ ಎಲ್ಲ ಕಡೆಯೂ ಕೇಳಿಸುವಷ್ಟು ದೊಡ್ಡ ಕಂಪನಗಳನ್ನು ಮಾತ್ರ ಎಣಿಸಿ.

ಬಾವಿ ಬಿಡುವು ಮಾಡಿಸುವುದೂ ಸಣ್ಣ ಕೆಲಸವಲ್ಲ. ಉತ್ಪಾದನೆ ನಿಲ್ಲಿಸಬೇಕು, ಪೈಪ್ ಹೊರತೆಗೆಯಬೇಕಾಗಬಹುದು, ಒಳಗೆ ಅನಿಲದ ಗುಳ್ಳೆ ಏಳುತ್ತಿದ್ದರೆ ಆ ಸದ್ದೇ ಎಲ್ಲವನ್ನೂ ನುಂಗುತ್ತದೆ. ಬಂಡೆ ಬಹಳ ಬಿಸಿಯಿದ್ದರೆ ಎಲೆಕ್ಟ್ರಾನಿಕ್ಸ್ ತಡೆಯುವುದಿಲ್ಲ.

ನೆಲದ ಮೇಲೆ ಹರಡಿದ ಸರಣಿ

ಬಾವಿ ಇಲ್ಲದಿದ್ದರೆ ನೆಲದ ಮೇಲೆ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಜಾಸ್ತಿ ಜಿಯೋಫೋನ್ ಹರಡುತ್ತಾರೆ. ಬಾವಿಯ ಬಾಯಿಯಿಂದ ಹೊರಕ್ಕೆ ನಕ್ಷತ್ರದ ಕೈಗಳ ಹಾಗೆ ಸಾಲು ಎಳೆಯುವುದು ಒಂದು ರೀತಿ, ಅಲ್ಲಲ್ಲಿ ಗುಂಪು ಗುಂಪಾಗಿ ಇಡುವುದು ಇನ್ನೊಂದು. ಒಂದೊಂದು ಜಿಯೋಫೋನಿನಲ್ಲಿ ನೋಡಿದರೆ ಏನೂ ಕಾಣುವುದಿಲ್ಲ, ಬರೀ ಗದ್ದಲ. ಭೂಮಿಯೊಳಗಿನ ಪ್ರತಿ ಜಾಗಕ್ಕೂ, ಅಲ್ಲಿಂದ ಅಲೆ ಹೊರಟಿದ್ದರೆ ಪ್ರತಿ ಜಿಯೋಫೋನಿಗೆ ಯಾವಾಗ ತಲುಪುತ್ತಿತ್ತು ಅಂತ ಲೆಕ್ಕ ಹಾಕಿ, ಅಷ್ಟಷ್ಟು ಸರಿಸಿ, ಎಲ್ಲವನ್ನೂ ಕೂಡಿಸುತ್ತಾರೆ. ಸರಿಯಾದ ಜಾಗಕ್ಕೆ ಕೂಡಿಸಿದಾಗ ಸಿಗ್ನಲ್ ಎದ್ದು ನಿಲ್ಲುತ್ತದೆ. ಗದ್ದಲ ಒಂದಕ್ಕೊಂದು ಸಂಬಂಧವಿಲ್ಲದ್ದಾದರೆ, ಸಾವಿರ ಜಿಯೋಫೋನ್ ಕೂಡಿಸಿದಾಗ ಸಿಗ್ನಲ್ ಅದರೆದುರು ಸುಮಾರು 32 ಪಟ್ಟು ಬಲವಾಗುತ್ತದೆ, ಸಾವಿರದ ವರ್ಗಮೂಲದಷ್ಟು. ನಿಜ ಜೀವನದಲ್ಲಿ ಪಂಪುಗಳ ಗದ್ದಲ ಎಲ್ಲ ಜಿಯೋಫೋನಿಗೂ ಒಟ್ಟಿಗೆ ಹೋಗುವುದರಿಂದ ಅಷ್ಟು ಲಾಭ ಸಿಗುವುದಿಲ್ಲ.

ಮೇಲಿಂದ ನೋಡುವುದರಿಂದ ಎಲ್ಲ ದಿಕ್ಕಿನಿಂದಲೂ ನೋಡಿದಂತಾಗುತ್ತದೆ. ಉದ್ದನೆಯ ಬಾವಿಯ ಎಲ್ಲ ಸ್ಟೇಜ್‌ಗಳೂ ಹೆಚ್ಚುಕಡಿಮೆ ಒಂದೇ ಸಮ ಕೇಳಿಸುತ್ತವೆ. ಬಿರುಕು ಯಾವ ದಿಕ್ಕಿಗೆ ಓಡಿತು ಅನ್ನುವುದು ಚೆನ್ನಾಗಿ ಸಿಗುತ್ತದೆ. ಜಾರಾಟ ಯಾವ ಬಗೆಯದು, ಯಾವ ಕೋನದ ಮುಖದ ಮೇಲೆ ಆಯಿತು ಅನ್ನುವುದಕ್ಕೂ ಹಲವು ದಿಕ್ಕಿನ ನೋಟ ಬೇಕೇ ಬೇಕು. ಒಂದೇ ನೇರ ಬಾವಿಯಿಂದ ಇದನ್ನು ಪೂರ್ತಿಯಾಗಿ ಬಿಡಿಸಲು ಆಗುವುದಿಲ್ಲ, ಸಾಲು ಸಾಲು ಊಹೆ ಸೇರಿಸಬೇಕಾಗುತ್ತದೆ.

ದುರ್ಬಲ ಜಾಗ ಆಳ. ಮೇಲೆ ಬರುವಷ್ಟರಲ್ಲಿ ಎಸ್ ಅಲೆ ಹೆಚ್ಚಾಗಿ ಸತ್ತಿರುತ್ತದೆ, ಎತ್ತರದ ಆವರ್ತನಗಳೂ ಹೋಗಿ ಕೆಲವು ಹತ್ತು ಹರ್ಟ್ಜ್ ಮಾತ್ರ ಉಳಿದಿರುತ್ತದೆ. ಪಿ ಅಲೆ ಒಂದನ್ನೇ ನಂಬಿದಾಗ, ಕಂಪನ ಸ್ವಲ್ಪ ಆಳದಲ್ಲಿ ಆಯಿತಾ ಅಥವಾ ಬಂಡೆಯಲ್ಲಿ ಅಲೆ ಸ್ವಲ್ಪ ನಿಧಾನ ಓಡಿತಾ ಅಂತ ಬೇರೆ ಮಾಡಲು ಕಷ್ಟ. 3 ಕಿಲೋಮೀಟರ್ ಆಳದ ಗುರಿಗೆ ವೇಗದಲ್ಲಿ ಶೇಕಡಾ 2 ತಪ್ಪಾದರೆ ಆಳದಲ್ಲಿ ಸುಮಾರು 60 ಮೀಟರ್ ಅತ್ತಿತ್ತ. ನೀವು ಅಳೆಯಲು ಹೊರಟಿರುವ ಬಿರುಕಿನ ಎತ್ತರವೇ ಅಷ್ಟಿರಬಹುದು! ಆದ್ದರಿಂದ ಬಿರುಕು ಮೇಲಿನ ಪದರ ದಾಟಿತಾ ಅನ್ನುವುದೇ ನಿಮ್ಮ ಪ್ರಶ್ನೆಯಾಗಿದ್ದರೆ ನೆಲದ ಮೇಲಿನ ಸರಣಿಯನ್ನು ಮಾತ್ರ ನಂಬಿ ಕೂರಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಎಚ್ಚರ. ಕೂಡಿಸುವ ವಿಧಾನ ಗದ್ದಲದಿಂದಲೂ ಚುಕ್ಕೆ ಹುಟ್ಟಿಸಬಲ್ಲದು. ಪಂಪ್ ಶುರುವಾಗುವ ಮೊದಲಿನ ಕೆಲವು ಗಂಟೆಗಳ ರೆಕಾರ್ಡಿಂಗನ್ನೂ ಅದೇ ಸೆಟ್ಟಿಂಗ್‌ನಲ್ಲಿ ಓಡಿಸಿ ಎಷ್ಟು ಚುಕ್ಕೆ ಬರುತ್ತದೆ ಅಂತ ಕೇಳಿ. ಬಂಡೆ ಸುಮ್ಮನಿದ್ದ ಹೊತ್ತಿನಲ್ಲೂ ಚುಕ್ಕೆಗಳ ಮಳೆ ಸುರಿದರೆ ನಿಮಗೆ ಉತ್ತರ ಸಿಕ್ಕಿತು.

ಸ್ವಲ್ಪ ಆಳದಲ್ಲಿ ಹೂತ ಸರಣಿ

ಕೆಲವು ಹತ್ತು ಮೀಟರ್ ಆಳದ ಗುಂಡಿ ಕೊರೆದು ಜಿಯೋಫೋನ್ ಹೂತು ಬಿಡುವುದು ನಡುವಿನ ದಾರಿ. ಗಾಳಿ, ವಾಹನ, ಪಂಪುಗಳ ಗದ್ದಲ ಕಡಿಮೆಯಾಗುತ್ತದೆ, ಮೇಲ್ಪದರದ ಸಡಿಲ ಮಣ್ಣು ಸಿಗ್ನಲ್ ನುಂಗುವುದೂ ತಪ್ಪುತ್ತದೆ. ಅದೇ ಜಾಗದಲ್ಲಿ ವರ್ಷಗಟ್ಟಲೆ ಹಲವು ಬಾವಿಗಳನ್ನು ಫ್ರ್ಯಾಕ್ ಮಾಡುವ ಯೋಜನೆ ಇದ್ದರೆ ಇದರಷ್ಟು ಸರಿಯಾದದ್ದು ಇನ್ನೊಂದಿಲ್ಲ, ಯಾಕೆಂದರೆ ಕಿವಿ ಕದಲದೆ ಇದ್ದಾಗ ಮಾತ್ರ ಮೊದಲ ಬಾವಿಯನ್ನೂ ಎಂಟನೇ ಬಾವಿಯನ್ನೂ ನ್ಯಾಯವಾಗಿ ಹೋಲಿಸಬಹುದು. ಒಂದೇ ಬಾವಿಗಾದರೆ ಇಷ್ಟು ಗುಂಡಿ ಕೊರೆಯುವ ಖರ್ಚು ದಂಡ. ಆಳದ ತೊಡಕು ಇದರಲ್ಲೂ ಉಳಿದೇ ಇರುತ್ತದೆ.

ಫೈಬರ್ ಕೇಬಲ್

ಕಳೆದ ಕೆಲವು ವರ್ಷಗಳಲ್ಲಿ ಹೆಚ್ಚು ಬದಲಾಗಿದ್ದು ಇದೇ. ಬಾವಿಯ ಉದ್ದಕ್ಕೂ ಹಾಕಿದ ಗಾಜಿನ ನಾರಿಗೆ ಲೇಸರ್ ಮಿಡಿತ ಕಳಿಸುತ್ತಾರೆ. ನಾರಿನ ಪ್ರತಿ ಭಾಗದಿಂದಲೂ ಚೂರುಚೂರು ಬೆಳಕು ಚದುರಿ ವಾಪಸ್ ಬರುತ್ತದೆ. ನಾರು ಹಿಗ್ಗಿದರೆ, ಕುಗ್ಗಿದರೆ ಆ ಬೆಳಕಿನ ಫೇಸ್ ಬದಲಾಗುತ್ತದೆ. ಹೀಗೆ ಕೆಲವು ಕಿಲೋಮೀಟರ್ ಉದ್ದದ ಬಾವಿ ಪೂರ್ತಿ ಸಾವಿರಾರು ಅಳತೆಯ ಬಿಂದುಗಳಾಗುತ್ತದೆ. ಇದನ್ನು ಡಿಎಎಸ್, ಅಂದರೆ ಡಿಸ್ಟ್ರಿಬ್ಯೂಟೆಡ್ ಅಕೌಸ್ಟಿಕ್ ಸೆನ್ಸಿಂಗ್ ಅಂತ ಕರೆಯುತ್ತಾರೆ.

ಅಷ್ಟೊಂದು ಬಿಂದುಗಳಿವೆ ಅಂದ ಮಾತ್ರಕ್ಕೆ ಜಿಯೋಫೋನ್ ಬೇಡ ಅಂದುಕೊಳ್ಳಬೇಡಿ. ಒಂದೊಂದು ಬಿಂದುವೂ ಜಿಯೋಫೋನಿನಷ್ಟು ಸೂಕ್ಷ್ಮವಲ್ಲ. ಸಾಮಾನ್ಯವಾಗಿ ಹತ್ತು ಮೀಟರ್ ಆಸುಪಾಸಿನ ಉದ್ದದ ಸರಾಸರಿ ಹಿಗ್ಗುವಿಕೆಯನ್ನು ಅದು ಹೇಳುತ್ತದೆ. ನಾರಿನ ಉದ್ದಕ್ಕೆ ಆಗುವ ಹಿಗ್ಗು ಕುಗ್ಗು ಮಾತ್ರ ಕಾಣುತ್ತದೆ, ಆದ್ದರಿಂದ ಪಕ್ಕದಿಂದ ನೇರವಾಗಿ ಬಂದು ಹೊಡೆಯುವ ಪಿ ಅಲೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಇನ್ನೂ ಮುಖ್ಯವಾದ್ದು, ಒಂದೇ ನೇರ ನಾರಿನಿಂದ ಕಂಪನ ಎಷ್ಟು ದೂರದಲ್ಲಿ, ನಾರಿನ ಯಾವ ಭಾಗದ ಎದುರು ಆಯಿತು ಅಂತ ಗೊತ್ತಾಗುತ್ತದೆ, ಆದರೆ ಎಡಕ್ಕಾ ಬಲಕ್ಕಾ, ಮೇಲಾ ಕೆಳಗಾ ಅಂತ ಗೊತ್ತಾಗುವುದಿಲ್ಲ. ನಾರಿನ ಸುತ್ತ ಒಂದು ಬಳೆ ಎಳೆದರೆ ಅದರ ಮೇಲೆ ಎಲ್ಲಿ ಬೇಕಾದರೂ ಇರಬಹುದು. ಬಿಡಿಸಲು ಇನ್ನೊಂದು ನಾರು ಬೇಕು, ಅಥವಾ ಒಂದಷ್ಟು ಜಿಯೋಫೋನ್ ಬೇಕು, ಅಥವಾ ಅಡ್ಡಕ್ಕೂ ನೆಟ್ಟಗೂ ತಿರುಗುವ ಬಾವಿಯ ಪೂರ್ತಿ ಉದ್ದ ಬೇಕು.

ಹಾಗಿದ್ದೂ ನಾನು ಫೈಬರ್ ಪರ. ಕಾರಣ ಕಂಪನವಲ್ಲ, ಅದರ ನಿಧಾನದ ಸಿಗ್ನಲ್. ಸೆಕೆಂಡುಗಳಲ್ಲಿ, ನಿಮಿಷಗಳಲ್ಲಿ ಬದಲಾಗುವ ಹಿಗ್ಗುವಿಕೆಯನ್ನೂ ನಾರು ದಾಖಲಿಸುತ್ತದೆ. ಪಕ್ಕದ ಬಾವಿಯಲ್ಲಿ ನಾರು ಇದ್ದು, ಫ್ರ್ಯಾಕ್ ಬಾವಿಯಿಂದ ಬಿರುಕು ಅದರತ್ತ ಬರುತ್ತಿದ್ದರೆ, ಮೊದಲು ಅಗಲವಾದ ಒಂದು ಭಾಗ ಹಿಗ್ಗಲು ಶುರುವಾಗುತ್ತದೆ. ಬಿರುಕು ಹತ್ತಿರ ಬಂದಂತೆ ಆ ಭಾಗ ಕಿರಿದಾಗುತ್ತಾ ಹೋಗಿ, ತಾಗಿದ ಕ್ಷಣದಲ್ಲಿ ಒಂದೇ ಜಾಗದಲ್ಲಿ ಚೂಪಾದ ಹಿಗ್ಗು, ಎರಡೂ ಪಕ್ಕ ಕುಗ್ಗು ಕಾಣುತ್ತದೆ. ಪಂಪ್ ನಿಲ್ಲಿಸಿದಾಗ ಬಿರುಕು ಮುಚ್ಚಿಕೊಳ್ಳುತ್ತದೆ, ಚಿತ್ರ ತಿರುಗಿಬೀಳುತ್ತದೆ. ಯಾವ ಗಂಟೆ ಯಾವ ನಿಮಿಷಕ್ಕೆ, ಬಾವಿಯ ಎಷ್ಟನೇ ಮೀಟರಿನಲ್ಲಿ ಬಿರುಕು ಬಂದು ತಾಗಿತು ಅಂತ ಇಷ್ಟು ಸ್ಪಷ್ಟವಾಗಿ ಹೇಳುವ ಇನ್ನೊಂದು ವಿಧಾನ ಕಡಿಮೆ. ಸದ್ದಿಲ್ಲದೆ ತೆರೆಯುವ ಬಿರುಕನ್ನೂ ಇದು ಹಿಡಿಯುತ್ತದೆ, ಕಿರುಕಂಪನಕ್ಕೆ ಸಿಗದ ಭಾಗ ಅದೇ ತಾನೆ!

ಬಾವಿಯ ಗೋಡೆಗೆ ಕೂರಿಸುವ ಉಕ್ಕಿನ ಕೊಳವೆಯಾದ ಕೇಸಿಂಗ್ ಹೊರಗೆ ಸಿಮೆಂಟಿನೊಳಗೆ ಶಾಶ್ವತವಾಗಿ ಹಾಕಿದ ನಾರು ಬಂಡೆಯ ಜೊತೆ ಚೆನ್ನಾಗಿ ಕೂಡಿಕೊಳ್ಳುತ್ತದೆ, ಫಲಿತಾಂಶವೂ ಚೆನ್ನ. ಆದರೆ ಅದನ್ನು ಬಾವಿ ಕಟ್ಟುವಾಗಲೇ ಹಾಕಬೇಕು. ಅದೇ ಬಾವಿಯಲ್ಲಿ ಪರ್ಫೊರೇಶನ್, ಅಂದರೆ ಗುಂಡು ಸಿಡಿಸಿ ಕೇಸಿಂಗಿಗೆ ತೂತು ಮಾಡುವಾಗ ನಾರು ತುಂಡಾಗದಂತೆ ಗುಂಡಿನ ದಿಕ್ಕನ್ನು ತಿರುಗಿಸಬೇಕು. ಒಮ್ಮೆ ಕೊರೆದು ಮುಗಿಸಿದ ಬಾವಿಗೆ ಕೇಬಲ್ಲಿನಲ್ಲಿ ಇಳಿಸುವ ನಾರೂ ಇದೆ, ಅದು ಗೋಡೆಗೆ ಅಷ್ಟು ಗಟ್ಟಿಯಾಗಿ ಅಂಟುವುದಿಲ್ಲ. ಬಿಸಿ ಬಂಡೆಯ ಭೂಶಾಖ ಯೋಜನೆಗಳಲ್ಲಿ, ಉದಾಹರಣೆಗೆ ಯೂಟಾದ ಮಿಲ್ಫರ್ಡ್ ಹತ್ತಿರದ ಫೋರ್ಜ್ ಪ್ರಯೋಗ ಕ್ಷೇತ್ರದಂಥ ಕಡೆ, ಬಂಡೆ 200 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಅಂಥಲ್ಲಿ ಆಳದಲ್ಲಿ ಎಲೆಕ್ಟ್ರಾನಿಕ್ಸ್ ಬೇಡದ ನಾರಿಗೆ ದೊಡ್ಡ ಅನುಕೂಲ.

ಕಂಪನ ಕೇಳದೆಯೂ ತಿಳಿಯುವ ದಾರಿಗಳು

ನೆಲ ಎಷ್ಟು ವಾಲಿತು ಅಂತ ಅಳೆಯುವ ಟಿಲ್ಟ್‌ಮೀಟರ್ ಬಿರುಕಿನ ದಿಕ್ಕನ್ನೂ ಅದು ನಿಂತಿದೆಯಾ ಮಲಗಿದೆಯಾ ಅನ್ನುವುದನ್ನೂ ಹೇಳುತ್ತದೆ, ಆದರೆ ಆಳ ಜಾಸ್ತಿಯಾದಂತೆ ವಿವರ ಕಳೆದುಹೋಗುತ್ತದೆ. ಪಕ್ಕದ ಮುಚ್ಚಿದ ಬಾವಿಯಲ್ಲಿ ಒತ್ತಡದ ಗೇಜ್ ಇಡುವುದು ಎಲ್ಲಕ್ಕಿಂತ ಅಗ್ಗ. ಬಿರುಕು ಬಂದಾಗ ಒತ್ತಡ ಏರುತ್ತದೆ. ಎಲ್ಲಿ ತಾಗಿತು ಅಂತ ಹೇಳುವುದಿಲ್ಲ, ಯಾವಾಗ ಅಂತ ಹೇಳುತ್ತದೆ. ಯಾವ ದೊಡ್ಡ ವಿಧಾನ ಆರಿಸಿದರೂ ಇದೊಂದನ್ನು ಬಿಡಬೇಡಿ.

ಎಲ್ಲಕ್ಕಿಂತ ಮೇಲೆ, ವೆಲಾಸಿಟಿ ಮಾಡೆಲ್

ಇಷ್ಟು ಹೋಲಿಕೆ ಮಾಡಿದ ಮೇಲೆ ಒಂದು ಮಾತು ಒತ್ತಿ ಹೇಳಬೇಕು. ಇನ್ನೂರು ಜಿಯೋಫೋನ್ ಜಾಸ್ತಿ ಹಾಕಿಸುವುದಕ್ಕಿಂತ ಪ್ರತಿ ಪದರದಲ್ಲಿ ಅಲೆಯ ವೇಗವನ್ನು, ಅಂದರೆ ವೆಲಾಸಿಟಿ ಮಾಡೆಲನ್ನು, ಸರಿಯಾಗಿ ತಿಳಿದುಕೊಳ್ಳುವುದಕ್ಕೆ ಖರ್ಚು ಮಾಡುವುದು ಮೇಲು. ಬಾವಿಯೊಳಗೆ ಇಳಿಸಿದ ಸಲಕರಣೆ ಅಲೆಯ ವೇಗ ಅಳೆದು ಕೊಡುವ ಸೋನಿಕ್ ಲಾಗ್‌ನಿಂದ ಶುರು ಮಾಡುತ್ತಾರೆ. ಆದರೆ ತೆಳುಪದರಗಳ ಜೇಡಿಬಂಡೆಯಾದ ಶೇಲ್‌ನಲ್ಲಿ ಅಲೆ ಅಡ್ಡಕ್ಕೆ ಬೇಗ ಓಡುತ್ತದೆ, ನೆಟ್ಟಗೆ ನಿಧಾನ ಓಡುತ್ತದೆ, ನೆಟ್ಟಗಿನ ಬಾವಿಯ ಲಾಗ್ ಹೇಳುವುದು ನೆಟ್ಟಗಿನ ವೇಗ ಮಾತ್ರ. ಕಂಪನದಿಂದ ಜಿಯೋಫೋನಿಗೆ ಬರುವ ಅಲೆ ಹೆಚ್ಚಾಗಿ ಅಡ್ಡಕ್ಕೆ ಬರುತ್ತದೆ. ಈ ವ್ಯತ್ಯಾಸ ಬಿಟ್ಟರೆ ಚುಕ್ಕೆಗಳೆಲ್ಲ ತಪ್ಪು ಪದರದಲ್ಲಿ ಕೂರುತ್ತವೆ.

ಸರಿಪಡಿಸುವ ದಾರಿ ಇದೆ. ಕೇಸಿಂಗ್ ತೂತು ಮಾಡುವ ಪರ್ಫೊರೇಶನ್ ಗುಂಡು ಸಿಡಿದ ಜಾಗ ನಮಗೆ ಮೊದಲೇ ಗೊತ್ತು. ಅದರ ಅಲೆಯನ್ನು ಹಿಡಿದು, ಲೆಕ್ಕ ಹಾಕಿ ಬಂದ ಜಾಗ ನಿಜವಾದ ಜಾಗದಿಂದ ಎಷ್ಟು ಸರಿದಿದೆ ಅಂತ ನೋಡಿ, ವೇಗ ತಿದ್ದಬೇಕು. ಸಿಡಿದ ನಿಖರ ಸಮಯವನ್ನೂ ರೆಕಾರ್ಡ್ ಮಾಡಿಸಿ, ಬರೀ ಜಾಗ ಗೊತ್ತಿದ್ದರೆ ಅರ್ಧ ಉಪಯೋಗ. ಇಲ್ಲಿ ಒಂದು ಸೂಕ್ಷ್ಮ ಇದೆ. ಮಾಡೆಲ್ ತಿದ್ದಲು ಬಳಸಿದ ಗುಂಡಿನಿಂದಲೇ ಅದು ಸರಿ ಇದೆ ಅಂತ ತೋರಿಸುವವರನ್ನು ಒಪ್ಪಬೇಡಿ. ಕೆಲವು ಗುಂಡುಗಳನ್ನು ತಿದ್ದಲು ಬಳಸದೆ ಬದಿಗಿಟ್ಟು, ಅವುಗಳ ಮೇಲೆ ಪರೀಕ್ಷೆ ಮಾಡಿಸಿ. ಅಲ್ಲಿ ಎಷ್ಟು ಮೀಟರ್ ತಪ್ಪಿತೋ ಅದು ನಂಬಬಹುದಾದ ಸಂಖ್ಯೆ.

ಚುಕ್ಕೆಗಳಿಂದ ಬಿರುಕಿನ ಬೆಳವಣಿಗೆ ಓದುವುದು

ಚುಕ್ಕೆಗಳನ್ನು ಒಟ್ಟಿಗೆ ನೋಡುವ ಬದಲು ಸಮಯದ ಕ್ರಮದಲ್ಲಿ ನೋಡಿ. ಪಂಪ್ ಶುರುವಾದಾಗಿನಿಂದ ಕಳೆದ ಸಮಯ ಒಂದು ಕಡೆ, ತೂತಿನಿಂದ ದೂರ ಇನ್ನೊಂದು ಕಡೆ ಇಟ್ಟರೆ ಚುಕ್ಕೆಗಳ ಹೊರಅಂಚು ಹೇಗೆ ಮುಂದೆ ಸಾಗಿತು ಅಂತ ಕಾಣುತ್ತದೆ. ಮೊದಲು ಬೇಗ ಓಡಿ ಆಮೇಲೆ ನಿಂತರೆ ನೀರು ಅಕ್ಕಪಕ್ಕ ಸೋರುತ್ತಿರಬಹುದು. ಪಂಪ್ ಶುರುವಾದ ಕ್ಷಣದಲ್ಲೇ 500 ಮೀಟರ್ ದೂರದಲ್ಲಿ ಕಂಪನ ಬಂದರೆ ಅಲ್ಲಿಗೆ ನೀರು ಹೋಗಿದೆ ಅಂತಲ್ಲ, ಅಷ್ಟು ಬೇಗ ನೀರು ಹೋಗಲಾರದು. ಹಿಂದಿನ ಸ್ಟೇಜಿನಿಂದ ಉಳಿದ ಒತ್ತಡವೋ ಬಂಡೆಯ ಮೂಲಕ ದಾಟಿದ ಒತ್ತಡವೋ ಅಲ್ಲಿ ಇದ್ದ ಹಳೆಯ ಬಿರುಕನ್ನು ಜಾರಿಸಿರಬಹುದು.

2000 ದ ನಂತರದ ಕೆಲವೇ ವರ್ಷಗಳಲ್ಲಿ ಟೆಕ್ಸಾಸ್‌ನ ಬಾರ್ನೆಟ್ ಶೇಲ್‌ನಲ್ಲಿ ಮಾಡಿದ ಅಳತೆಗಳು ಈ ಕ್ಷೇತ್ರದ ಯೋಚನೆಯನ್ನೇ ಬದಲಿಸಿದವು. ಎರಡು ರೆಕ್ಕೆಯ ಒಂದು ಚಪ್ಪಟೆ ಬಿರುಕು ಸಿಗುತ್ತದೆ ಅಂತ ಅಂದುಕೊಂಡಿದ್ದ ಕಡೆ ನೂರಾರು ಮೀಟರ್ ಅಗಲದ ಚುಕ್ಕೆಗಳ ಗುಂಪು ಬಂತು. ಹಳೆಯ ಬಿರುಕುಗಳ ಜಾಲವೇ ತೆರೆದುಕೊಳ್ಳುತ್ತಿದೆ ಅಂತ ಅರ್ಥಮಾಡಿಕೊಂಡರು. ಅದು ದೊಡ್ಡ ಒಳನೋಟ. ಆದರೆ ಅದರ ಬೆನ್ನಿಗೇ ಒಂದು ಕೆಟ್ಟ ಅಭ್ಯಾಸವೂ ಬಂತು: ಚುಕ್ಕೆಗಳ ಸುತ್ತ ಒಂದು ಪೆಟ್ಟಿಗೆ ಬರೆದು, ಅದರ ಗಾತ್ರವೇ ಅನಿಲ ಕೊಡುವ ಬಂಡೆಯ ಗಾತ್ರ ಅನ್ನುವುದು. ಅಳತೆಯ ತಪ್ಪು ಜಾಸ್ತಿಯಾದಷ್ಟೂ ಆ ಪೆಟ್ಟಿಗೆ ದೊಡ್ಡದಾಗುತ್ತದೆ! ನಂತರ ಟೆಕ್ಸಾಸ್‌ನ ಈಗಲ್ ಫೋರ್ಡ್ ಮತ್ತು ಮಿಡ್‌ಲ್ಯಾಂಡ್ ಪ್ರದೇಶಗಳಲ್ಲಿ ಫ್ರ್ಯಾಕ್ ಆದ ಬಂಡೆಯೊಳಕ್ಕೇ ಓರೆಯಾಗಿ ಕೊರೆದು ಕೋರ್, ಅಂದರೆ ಕೋಲಿನಂಥ ಬಂಡೆಯ ತುಂಡು, ಹೊರತೆಗೆದು ನೋಡಿದರು. ಬಿರುಕುಗಳು ನಿರೀಕ್ಷೆಗಿಂತ ಬಹಳ ಜಾಸ್ತಿ, ಒತ್ತೊತ್ತಾಗಿ ಇದ್ದವು. ಬಿರುಕು ತೆರೆದಿಡಬೇಕಾದ ಪ್ರಾಪಂಟ್ ಮರಳು ಮಾತ್ರ ಎಲ್ಲ ಬಿರುಕಿನಲ್ಲೂ ಇರಲಿಲ್ಲ. ಚುಕ್ಕೆ ಇರುವ ಕಡೆಯೆಲ್ಲ ಉತ್ಪಾದನೆ ಬರುತ್ತದೆ ಅಂತ ಲೆಕ್ಕ ಹಾಕುವವರಿಗೆ ಇದು ನೇರ ಉತ್ತರ.

ದೊಡ್ಡ ಕಂಪನದ ಭಯ ಇದ್ದರೆ

ಇದು ಬೇರೆಯೇ ಪ್ರಶ್ನೆ, ಬೇರೆಯೇ ಸಲಕರಣೆ. ಬಾವಿಯೊಳಗಿನ ಸಾಮಾನ್ಯ 15 ಹರ್ಟ್ಜ್ ಜಿಯೋಫೋನ್ ಚಿಕ್ಕ ಕಂಪನಕ್ಕೆ ಚೆನ್ನ. ಮ್ಯಾಗ್ನಿಟ್ಯೂಡ್ ಸೊನ್ನೆಗಿಂತ ದೊಡ್ಡ ಕಂಪನದ ಶಕ್ತಿ ಕೆಳಗಿನ ಆವರ್ತನಗಳಲ್ಲಿ ಇರುತ್ತದೆ, ಅದು ಇವಕ್ಕೆ ಸರಿಯಾಗಿ ಕಾಣುವುದಿಲ್ಲ, ಮ್ಯಾಗ್ನಿಟ್ಯೂಡ್ ಕಡಿಮೆ ತೋರಿಸಬಹುದು. ಆದ್ದರಿಂದ ನೆಲದ ಮೇಲೆ ಕೆಳ ಆವರ್ತನದ ಕೆಲವು ಸೈಸ್ಮೋಮೀಟರ್ ಕಡ್ಡಾಯವಾಗಿ ಇರಲಿ. ನಿಯಮಗಳು ದೇಶದಿಂದ ದೇಶಕ್ಕೆ ಬಹಳ ಬೇರೆ. ಕಂಪನ ಇಷ್ಟಾದರೆ ಎಚ್ಚರ, ಇಷ್ಟಾದರೆ ಪಂಪ್ ನಿಲ್ಲಿಸಿ ಅನ್ನುವುದನ್ನು ಟ್ರಾಫಿಕ್ ಲೈಟ್ ನಿಯಮ ಅನ್ನುತ್ತಾರೆ. ಬ್ರಿಟನ್ನಿನಲ್ಲಿ 2019 ರವರೆಗೆ ನಡೆದ ಫ್ರ್ಯಾಕ್‌ಗಳಿಗೆ 0.5 ಕ್ಕೇ ಕೆಂಪು ದೀಪ ಇತ್ತು, ಕೆನಡಾದ ಆಲ್ಬರ್ಟಾದ ಫಾಕ್ಸ್ ಕ್ರೀಕ್ ಪ್ರದೇಶಕ್ಕೆ 2015 ರಲ್ಲಿ ಬಂದ ಆದೇಶದಲ್ಲಿ 2.0 ಕ್ಕೆ ಹಳದಿ, 4.0 ಕ್ಕೆ ಕೆಂಪು.

ಪಂಪ್ ನಿಂತ ಮೇಲೂ ಕೇಳುತ್ತಾ ಇರಬೇಕು. ಇಂಗ್ಲೆಂಡಿನ ಪ್ರೆಸ್ಟನ್ ನ್ಯೂ ರೋಡ್ ಫ್ರ್ಯಾಕ್ ತಾಣದಲ್ಲಿ 2019 ರ ಆಗಸ್ಟ್ 26 ರಂದು 2.9 ರ ಕಂಪನ ಆಗಿದ್ದು ಪಂಪ್ ನಿಲ್ಲಿಸಿ ಎರಡು ದಿನಕ್ಕೂ ಜಾಸ್ತಿ ಆದ ಮೇಲೆ. 2006 ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಭೂಶಾಖ ಯೋಜನೆಯಲ್ಲೂ 3.4 ರ ಕಂಪನ ನೀರು ಹಾಕುವುದು ನಿಂತ ಮೇಲೇ ಬಂತು. ಮತ್ತೆ, ಚಿಕ್ಕ ಕಂಪನಗಳಿಗೂ ದೊಡ್ಡ ಕಂಪನಗಳಿಗೂ ಇರುವ ಅನುಪಾತ ಹೇಳುವ ಬಿ-ಮೌಲ್ಯವನ್ನು ಗಮನಿಸಿ. ಹಳೆಯ ಚಿಕ್ಕ ಬಿರುಕುಗಳು ಜಾರುವಾಗ ಅದು 2 ರ ಹತ್ತಿರ ಇರುವುದುಂಟು, ಭೂಪದರದ ದೊಡ್ಡ ಸೀಳಾದ ಫಾಲ್ಟ್ ಎಚ್ಚೆತ್ತಾಗ 1 ರ ಕಡೆಗೆ ಇಳಿಯುತ್ತದೆ. ಚುಕ್ಕೆಗಳು ಫ್ರ್ಯಾಕ್ ದಿಕ್ಕು ಬಿಟ್ಟು ಬೇರೆ ದಿಕ್ಕಿನ ಗೆರೆಯಲ್ಲಿ ಸಾಲುಗಟ್ಟುತ್ತಿದ್ದರೆ, ಬಿ-ಮೌಲ್ಯವೂ ಇಳಿಯುತ್ತಿದ್ದರೆ, ಮುಂದಿನ ಸ್ಟೇಜ್ ಬಿಡುವುದೇ ಜಾಣತನ.

ಹಾಗಾದರೆ ಯಾವುದು

ಬಿರುಕಿನ ಎತ್ತರವೇ ಪ್ರಶ್ನೆಯಾದರೆ, ಹತ್ತಿರ ಬಾವಿಯೂ ಇದ್ದರೆ, ಬಾವಿಯೊಳಗಿನ ಜಿಯೋಫೋನ್, ಗುರಿ ಪದರದ ಮೇಲೂ ಕೆಳಗೂ ಹರಡಿರುವ ಹಾಗೆ. ಹೊಸ ಪ್ರದೇಶ, ಬಾವಿ ಇಲ್ಲ, ಬಿರುಕಿನ ದಿಕ್ಕು ಮಾತ್ರ ತಿಳಿದು ಅಡ್ಡ ಬಾವಿಗಳನ್ನು ಯಾವ ಕಡೆ ಕೊರೆಯಬೇಕು ಅಂತ ತೀರ್ಮಾನಿಸಬೇಕು ಅಂದರೆ ನೆಲದ ಮೇಲಿನ ಸರಣಿ ಸಾಕು. ವರ್ಷಗಳ ಯೋಜನೆಗೆ ಹೂತ ಸರಣಿ. ಬಾವಿಗಳ ನಡುವಿನ ಅಂತರ ಎಷ್ಟಿರಬೇಕು, ಹೊಸ ಬಾವಿಯ ಫ್ರ್ಯಾಕ್ ಹಳೆಯ ಬಾವಿಗೆ ಹೊಡೆಯುತ್ತಿದೆಯಾ ಅನ್ನುವುದೇ ಚಿಂತೆಯಾದರೆ ಪಕ್ಕದ ಬಾವಿಯಲ್ಲಿ ಫೈಬರ್ ಹಾಕಿ, ಒತ್ತಡದ ಗೇಜ್ ಇಡಿ, ಕಿರುಕಂಪನವನ್ನು ಎರಡನೇ ಸಾಕ್ಷಿಯಾಗಿ ಇಟ್ಟುಕೊಳ್ಳಿ. ಹಣ ಇದ್ದರೆ ನಾನು ಎರಡು ಮಧ್ಯಮ ವಿಧಾನಗಳನ್ನು ಒಟ್ಟಿಗೆ ಆರಿಸುತ್ತೇನೆಯೇ ಹೊರತು ಒಂದೇ ದುಬಾರಿ ವಿಧಾನವನ್ನಲ್ಲ. ಒಂದರ ಕುರುಡು ಜಾಗ ಇನ್ನೊಂದಕ್ಕೆ ಕಾಣುತ್ತದೆ.

ಕೆಲಸ ಕೊಡುವ ಮೊದಲು ಗುತ್ತಿಗೆಯವರ ಹತ್ತಿರ ನಿಮ್ಮ ಜಾಗದ ಆಳ, ವೇಗ, ಗದ್ದಲ ಕೊಟ್ಟು ಮುಂಚಿತ ಲೆಕ್ಕ ಮಾಡಿಸಿ: ಎಷ್ಟು ಚಿಕ್ಕ ಕಂಪನ ಸಿಗಬಹುದು, ಎಷ್ಟು ಮೀಟರ್ ತಪ್ಪಬಹುದು, ಎಲ್ಲ ಸ್ಟೇಜಿಗೂ. ವರದಿಯಲ್ಲಿ ಪ್ರತಿ ಚುಕ್ಕೆಗೂ ಅದರ ತಪ್ಪಿನ ಮಿತಿ ಮೂರೂ ದಿಕ್ಕಿಗೆ ಬರಲಿ. ಆರಿಸಿದ ತುಣುಕುಗಳನ್ನು ಮಾತ್ರ ಕೊಟ್ಟು ಹೋಗಲು ಬಿಡಬೇಡಿ, ಎಡೆಬಿಡದ ಪೂರ್ತಿ ರೆಕಾರ್ಡಿಂಗ್, ಜಿಯೋಫೋನ್‌ಗಳ ದಿಕ್ಕು, ಬಳಸಿದ ವೆಲಾಸಿಟಿ ಮಾಡೆಲ್, ಪರ್ಫೊರೇಶನ್ ಸಮಯಗಳು ಎಲ್ಲವೂ ನಿಮ್ಮ ಕೈಗೆ ಬರಬೇಕು ಅಂತ ಒಪ್ಪಂದದಲ್ಲೇ ಬರೆಸಿ. 1997 ರಲ್ಲಿ ಪೂರ್ವ ಟೆಕ್ಸಾಸ್‌ನ ಕಾರ್ತೇಜ್ ಅನಿಲ ಕ್ಷೇತ್ರದ ಕಾಟನ್ ವ್ಯಾಲಿ ಮರಳುಗಲ್ಲಿನಲ್ಲಿ ಎರಡು ಬಾವಿಗಳಿಂದ ಕಿರುಕಂಪನಗಳನ್ನು ದಾಖಲಿಸಿದ್ದರು. ಕೆಲವು ವರ್ಷಗಳ ನಂತರ ಅದೇ ರೆಕಾರ್ಡಿಂಗ್‌ನಿಂದ ಅಲೆಗಳು ಬಂದ ಸಮಯವನ್ನು ಇನ್ನೂ ನಿಖರವಾಗಿ ಓದಿ ಮತ್ತೆ ಲೆಕ್ಕ ಹಾಕಿದಾಗ, ಹರಡಿಕೊಂಡಿದ್ದ ಚುಕ್ಕೆಗಳ ಗುಂಪು ಕಿರಿದಾದ ಪಟ್ಟಿಗಳಾಗಿ ಕೂಡಿಕೊಂಡಿತು. ಮೂಲ ರೆಕಾರ್ಡಿಂಗ್ ಉಳಿದಿತ್ತು, ಅದಕ್ಕೇ ಅದು ಸಾಧ್ಯವಾಯಿತು.